‘ಮುಟ್ಟಬೇಡಿ’ ಅಂದ ಡಿಶ್ ಪಿಳ್ಳಣ್ಣ

ಜರಗನಹಳ್ಳಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಪಿಳ್ಳಣ್ಣ ಯಾರದೋ ತಾರಸಿಯ ಮೇಲಿರುತ್ತಾರೆ. ಬಿಸಿಲೇರಿದರೆ ಕಬ್ಬಿಣದ ಏಣಿ ಮುಟ್ಟಲಾಗದು. ಇವತ್ತಿನ ಮನೆಯಲ್ಲಿ ಡಿಶ್ಶಿನ ಕಂಬಕ್ಕೇ ಬಟ್ಟೆ ಹಗ್ಗ ಕಟ್ಟಿದ್ದಾರೆ. ಒದ್ದೆ ಸೀರೆ ಸರಿಸಿ ವೈರು ಹುಡುಕುತ್ತಾ, “ನಾನೇ ಕೂರ್ಸಿದ್ ಡಿಶ್ಶು ಸಾರ್. ಈಗ ಬಟ್ಟೆ ಒಣಗಾಕಕ್ಕೆ ಸರಿಹೋಯ್ತು” ಎಂದು ನಗುತ್ತಾರೆ. ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಈ ಬೀದಿಗಳ ಮನೆಮನೆಗೂ ಡಿಶ್ ಹಾಕಿದವರು ಇವರೇ. ಹಬ್ಬ ಬಂತೆಂದರೆ ಊಟಕ್ಕೂ ಪುರುಸೊತ್ತಿರುತ್ತಿರಲಿಲ್ಲವಂತೆ. ಮೊಬೈಲ್ ಬಂತು, ಕೆಲಸ ಹೋಯಿತು. ಆದರೆ ಗೋಡೆಯೊಳಗೆ ಎಳೆದ ವೈರು ಎಲ್ಲಿಗೆ ಹೋದೀತು? ಮಾಲೀಕರು ಮಹಡಿ ಮೇಲೆ ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ಕೆಳಗಿನ ವೈಫೈ ಮೇಲಕ್ಕೆ ಹತ್ತುವುದಿಲ್ಲ. ಪಿಳ್ಳಣ್ಣ ಕೆಳಗೊಂದು, ಮೇಲೊಂದು ಪುಟ್ಟ ಬಾಕ್ಸ್ ಇಟ್ಟು, ಅದೇ ಹಳೇ ವೈರಿನಲ್ಲಿ ಟೀವಿಯ ಜೊತೆ ಇಂಟರ್‌ನೆಟ್ಟನ್ನೂ ಹಾಯಿಸುತ್ತಾರೆ. “ಗೋಡೆ ಒಡೆಯೋದ್ ಬೇಡ, ಏನೂ ಬೇಡ. ಕೆಳಗಿನ ಬಾಕ್ಸು ಮಾತ್ರ ಆಫ್ ಆಗ್ಬಾರ್ದು.”

ಎಡವಟ್ಟಾಗಿದ್ದು ಅಲ್ಲೇ. ಮಾಲೀಕರಲ್ಲೊಬ್ಬರಾದ ಬೈರಣ್ಣನವರ ಮನೆಯಲ್ಲಿ ಅವರ ತಾಯಿ ಗೌರಮ್ಮ ಧಾರಾವಾಹಿ ಮುಗಿದ ಕೂಡಲೇ ಟೀವಿಗೂ ಬಾಕ್ಸಿಗೂ ಒಂದೇ ಆಗಿದ್ದ ಗೋಡೆಯ ಸ್ವಿಚ್ಚು ಆರಿಸುವವರು. ಕರೆಂಟು ದಂಡ ಅಲ್ಲವೇ! ಅವರು ಆರಿಸಿದರೆ ಮೇಲಿನ ಬಾಡಿಗೆಯ ಹುಡುಗಿ ಶ್ವೇತಾಳ ಆಫೀಸ್ ಮೀಟಿಂಗೂ ಆರುತ್ತಿತ್ತು. ಪಿಳ್ಳಣ್ಣ ಬಂದವರೇ ಸ್ವಿಚ್ಚಿಗೆ ಕೆಂಪು ಟೇಪು ಮೆತ್ತಿ, “ಅಮ್ಮಾ, ಇದನ್ನ ಮುಟ್ಟಬೇಡಿ, ಮೇಲಿನ ಹುಡುಗಿ ಕೆಲ್ಸ ನಿಂತೋಗುತ್ತೆ” ಎಂದು ಗಡಿಬಿಡಿಯಲ್ಲಿ ಹೊರಟರು.

ಎಷ್ಟೋ ತಿಂಗಳ ಮೇಲೆ ಪಿಳ್ಳಣ್ಣ ಆ ಮನೆಗೆ ಹೋದರೆ ಟೀವಿಯ ಮೇಲೆ ಕಸೂತಿ ಬಟ್ಟೆ ಹೊದಿಸಿತ್ತು. “ಯಾಕಮ್ಮಾ, ನೋಡಲ್ವಾ?” ಎಂದರೆ ಗೌರಮ್ಮ, “ನೀನೇ ಮುಟ್ಟಬೇಡಿ ಅಂದ್ಯಲ್ಲಪ್ಪ. ಪಾಪ, ಆ ಮಗೀಗ್ಯಾಕೆ ತೊಂದ್ರೆ” ಎಂದರು. ಇವರು ಹೇಳಿದ್ದು ಒಂದು ಸ್ವಿಚ್ಚಿನ ಮಾತು. ಅವರು ರಿಮೋಟಿನಿಂದ ಹಿಡಿದು ಟೀವಿಯನ್ನೇ ಬಿಟ್ಟುಬಿಟ್ಟಿದ್ದರು. ಮನೆಯವರು ಯಾರಾದರೂ ಗಮನಿಸಬಾರದಿತ್ತೇ? ಅವರವರ ಫೋನು ಅವರವರ ಕೈಯಲ್ಲಿತ್ತು.

ಪಿಳ್ಳಣ್ಣ ತಕ್ಷಣ ಟೀವಿ ಹಾಕಿಕೊಟ್ಟರು. ಗೌರಮ್ಮ ತಮ್ಮ ಹಳೇ ಧಾರಾವಾಹಿಯನ್ನು ಸ್ವಲ್ಪ ಹೊತ್ತು ನೋಡಿ, “ಇವ್ರೆಲ್ಲಾ ಯಾರಪ್ಪಾ? ಆ ಸೊಸೆ ಏನಾದ್ಲು?” ಎಂದರು. ಇದನ್ನು ಹೇಳುತ್ತಾ ಪಿಳ್ಳಣ್ಣ ವೈರು ಸುತ್ತುತ್ತಾರೆ. “ತಪ್ಪು ನಂದೇ ಸಾರ್. ಒಂದ್ನಿಮಿಷ ಕೂತು ಬಿಡಿಸಿ ಹೇಳಿದ್ರೆ ಆಗ್ತಿತ್ತು.”

ಈಗ ಎಲ್ಲೇ ಬಾಕ್ಸ್ ಹಾಕಲಿ, ಮನೆಯ ಹಿರಿಯರ ಕೈಗೆ ರಿಮೋಟು ಕೊಟ್ಟು, ಅವರು ಒತ್ತಿ ತೋರಿಸಿದ ಮೇಲೇ ಹೊರಡುತ್ತಾರೆ. ತಾರಸಿಯಿಂದ ಇಳಿದವರು ಸಿಗ್ನಲ್ ನೋಡುವ ನೆಪದಲ್ಲಿ ಗೌರಮ್ಮನವರ ಮನೆಗೂ ಹೋಗುತ್ತಾರೆ. ಟೇಪು ಕಿತ್ತಾಗಿದೆ, ಬಾಕ್ಸಿನ ಸ್ವಿಚ್ಚು ಬೇರೆಯಾಗಿ ಟೀವಿಯ ಹಿಂದಕ್ಕೆ ಸರಿದಿದೆ. ಆದರೂ ಗೌರಮ್ಮ ರಿಮೋಟು ಹಿಡಿದು ಇವರ ಮುಖ ನೋಡುತ್ತಾರೆ: “ಒತ್ಲೇನಪ್ಪಾ?”

“ಅವ್ರ ಮನೆ ಟೀವಿಗೆ ನನ್ ಪರ್ಮಿಷನ್ ಕೇಳ್ತಾರೆ ಸಾರ್” ಎನ್ನುವಾಗ ಪಿಳ್ಳಣ್ಣನವರ ದನಿ ಇಳಿಯುತ್ತದೆ. “ಒಂದಿನ ಕೇಳ್ದೇನೇ ಒತ್ತಿಬಿಡ್ಲಿ. ಅಷ್ಟು ಸಾಕು ನಂಗೆ.”