ಅಕ್ಕನಿಗೆ ತೋರಿಸಲು ಹೊರಟ ಮೂಕಿ ಸಿನಿಮಾ

ನಮ್ಮ ಗಡಿನಾಡಿನ ಬೋವಿಕಾನದ ಸಭಾಂಗಣದಲ್ಲಿ ಲೈಟ್ ಆರಿಸಿದ ಮೇಲೆ ಗೊತ್ತಾಯಿತು, ಸಿನಿಮಾಕ್ಕೆಂದು ನಾನು ಎರಡು ವಾರ ಕೂತು ಬರೆದ ಕನ್ನಡ ಸಾಲುಗಳು ಪರದೆಯ ಮೇಲೆ ಇಲ್ಲವೇ ಇಲ್ಲ.

ಪರದೆಯಲ್ಲಿ ಮಲಯಾಳ ಮಾತ್ರ. ನನ್ನ ಕನ್ನಡವನ್ನು ಒಬ್ಬರು ಮೈಕ್ ಹಿಡಿದು ಓದುತ್ತಿದ್ದಾರೆ!

ಸಿನಿಮಾ ಹಳೇ ಕಾಲದ ಮೂಕಿ ಕಾಮಿಡಿ. ಮದುಮಗ ಅಡುಗೆಯವನ ವೇಷ ಹಾಕಿ ಮಾವನ ಮನೆ ಸೇರುವ ಕಥೆ. ಮೊದಲು ನಾಟಕವಾಗಿತ್ತಂತೆ, ಹಾಗಾಗಿ ಅರ್ಧ ತಮಾಷೆ ನಡುನಡುವೆ ಪರದೆ ಮೇಲೆ ಬರುವ ಮಾತಿನ ಅಕ್ಷರಗಳಲ್ಲೇ ಇದೆ.

ನನ್ನ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಮೀಂಜದಲ್ಲಿ ಬ್ಲೌಸ್ ಹೊಲಿಯುತ್ತಾಳೆ, ಓದಲು ಬರುವುದು ಕನ್ನಡ ಮಾತ್ರ.

ಈ ಸಿನಿಮಾದಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ, ಎಲ್ಲರೂ ನಿನ್ನ ಹಾಗೆಯೇ ನೋಡುವುದು ಅಂತ ಆಸೆ ಹುಟ್ಟಿಸಿ ಕರೆದುಕೊಂಡು ಹೋಗಿದ್ದೆ. ಅವಳು ಹಬ್ಬದ ಸೀರೆ ಉಟ್ಟು ಬಂದಿದ್ದಳು.

ಎದ್ದು ಹೋಗಿ, ಸಿನಿಮಾ ಹಾಕಿಸಿದ ಸಂಘದ ಸೆಕ್ರೆಟರಿ ಮಾಷ್ಟ್ರನ್ನು ಪರದೆಯಲ್ಲಿ ಕನ್ನಡ ಯಾಕಿಲ್ಲ ಅಂತ ಕೇಳಿದೆ.

"ಎರಡು ಭಾಷೆ ಹಾಕಿದ್ರೆ ಸ್ಕ್ರೀನ್ ತುಂಬ ಅಕ್ಷರವೇ ಮಾರಾಯ. ಕನ್ನಡದವರಿಗೆ ಮೈಕಲ್ಲಿ ಉಂಟಲ್ಲ, ಇನ್ನೆಂತ ಬೇಕು?"

"ಅಕ್ಕನಿಗೆ ಕಿವಿ ಕೇಳುದಿಲ್ಲ ಮಾಷ್ಟ್ರೆ."

"ಒಬ್ಬರಿಗೋಸ್ಕರ ಈಗ ನಿಲ್ಲಿಸ್ಲಿಕ್ಕೆ ಆಗ್ತದಾ?"

ಮೈಯೆಲ್ಲ ಉರಿದುಹೋಯಿತು. ಆ ಒಬ್ಬಳಿಗೋಸ್ಕರವೇ ನಾನು ಅದನ್ನು ಬರೆದದ್ದು!

ವಾಪಸ್ ಬಂದು ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸತೊಡಗಿದೆ. ನಾನು ಒಂದು ಸಾಲು ಮುಗಿಸುವಷ್ಟರಲ್ಲಿ ಜನ ನಕ್ಕು ಮುಗಿಸಿರುತ್ತಾರೆ. ಹಿಂದಿನಿಂದ ಯಾರೋ, "ಫೋನ್ ಆಫ್ ಮಾಡಿ, ಕಣ್ಣಿಗೆ ಹೊಡೀತದೆ" ಅಂದರು.

ಆಫ್ ಮಾಡಿದೆ.

ಆಮೇಲೆ ಅಕ್ಕ ಏನು ಮಾಡಿದಳು ಗೊತ್ತಾ? ಎಲ್ಲರೂ ನಕ್ಕಾಗ ಅಕ್ಕಪಕ್ಕದವರ ಮುಖ ನೋಡಿ, ಸ್ವಲ್ಪ ತಡವಾಗಿ ತಾನೂ ನಗುತ್ತಿದ್ದಳು... ಅದನ್ನು ನೋಡಲಿಕ್ಕೆ ನನ್ನಿಂದ ಆಗಲಿಲ್ಲ.

ಮುಗಿದ ಮೇಲೆ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದೆಸಿದರು. ಕನ್ನಡಕ್ಕೆ ಅನುವಾದ ಮಾಡಿದ್ದಕ್ಕಂತೆ! ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಅಕ್ಕ.

ನಾನೂ ಮರ್ಯಾದೆಗೆಟ್ಟವನ ಹಾಗೆ ಶಾಲು ಹೊದ್ದು, ಫೋಟೋಗೆ ನಿಂತು, ಒಂದು ಮಾತೂ ಆಡದೆ ಕೆಳಗಿಳಿದೆ. ಮಾಷ್ಟ್ರ ಮೇಲಿರುವಷ್ಟೇ ಸಿಟ್ಟು ಈಗ ನನ್ನ ಮೇಲೂ ಇದೆ.

ಬಸ್ಸಿನಲ್ಲಿ ಅಕ್ಕ ನನ್ನ ಮೊಬೈಲ್ ತೆಗೆದುಕೊಂಡು ನಿಧಾನಕ್ಕೆ ಟೈಪ್ ಮಾಡಿದಳು.

"ಇದರಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ ಅಂತ ಹೇಳಿದ್ದೆಯಲ್ಲ. ಮತ್ತೆ ಆ ಮೈಕ್ ಯಾಕೆ ಇತ್ತು?"

ಇನ್ನೂ ಉತ್ತರ ಬರೆದಿಲ್ಲ. ನೀವಾದರೆ ಅವಳಿಗೆ ಏನಂತ ಬರೆಯುತ್ತಿದ್ದಿರಿ?