ಫಿಲ್ಟರಿನೊಳಗಿನ ಬಿಳಿ ಹರಳು

ಚಳಿಗಾಲದ ಒಂದು ಬೆಳಿಗ್ಗೆ ಹನಿ ನೀರಾವರಿಯ ಡ್ರಿಪ್ ಪೈಪು ರಿಪೇರಿಗೆಂದು ಮಧುಗಿರಿ ಹತ್ತಿರದ ದಾಳಿಂಬೆ ತೋಟಕ್ಕೆ ಹೋಗಿದ್ದೆ. ಕಟ್ಟಿಕೊಂಡಿದ್ದ ಫಿಲ್ಟರ್ ಬಿಚ್ಚಿದರೆ ಒಳಗೆಲ್ಲ ಬಿಳಿ ಹರಳು. "ಬೋರ್‌ವೆಲ್ ಮರಳು ಕಣಮ್ಮ, ಹೊಸ ಫಿಲ್ಟರೇ ಹಾಕಬೇಕು" ಅಂದೆ, ಎಲ್ಲ ಬಲ್ಲವನ ಗತ್ತಿನಲ್ಲಿ.

ತೋಟದ ಯಜಮಾನಿ ಹರಳನ್ನು ಲೋಟಕ್ಕೆ ಹಾಕಿ, ಸ್ನಾನದ ಹಂಡೆಯಿಂದ ಬಿಸಿನೀರು ಹುಯ್ದು ನನ್ನ ಮುಂದೆ ಹಿಡಿದರು. ನೋಡನೋಡುತ್ತಲೇ ಅದು ಕರಗಿಹೋಯಿತು.

"ಮರಳಾಗಿದ್ರೆ ಕರಗ್ತಿತ್ತೇನಪ್ಪಾ? ನೆನ್ನೆ ಮದ್ಯಾನ ಡ್ರಮ್ಮಲ್ಲಿ ಕಲಸಿಟ್ಟು ಇವತ್ ಬೆಳಿಗ್ಗೆ ಪೈಪಿಗೆ ಬುಟ್ಟಿದ್ ಪೊಟ್ಯಾಷ್ ಗೊಬ್ರ ಇದು. ನೀರು ಬೆಚ್ಚಗಿದ್ದಾಗ ಜಾಸ್ತಿ ಹಿಡ್ಕಂತದೆ, ತಣ್ಣಗಾದ್ಮೇಲೆ ಹೆಚ್ಚಾಗಿದ್ದನ್ನ ಉಗುಳ್ಬುಡ್ತದೆ. ಇನ್ಮೇಲೆ ಕಲಸಿದ್ ದಿನವೇ ಬುಟ್ರಾಯ್ತು."

ತೆಗೆದಿಟ್ಟಿದ್ದ ಹೊಸ ಫಿಲ್ಟರನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ. ಈಗ ಅದರ ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕೂ ಇರುತ್ತದೆ. ಅದನ್ನು ಕಂಡ ತೋಟದವರೆಲ್ಲ, ಕಾಫಿ ನಾವು ಕೊಡ್ತಿರಲಿಲ್ವಾ ಅಂತ ಬೇಜಾರು ಮಾಡಿಕೊಳ್ಳುತ್ತಾರೆ.