ಅಕ್ಷರಕ್ರಮಕ್ಕೆ ತಂದ ಹೆಸರುಗಳು

ಕೊರೊನಾ ಬರುವುದಕ್ಕೆ ಹಿಂದಿನ ವರ್ಷ ನಾನು ಜಮಖಂಡಿಯ ಸಣ್ಣ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಪ್ರೋಗ್ರಾಮರ್ ಆಗಿದ್ದೆ. ಒಂದು ಖಾಸಗಿ ರಕ್ತಪರೀಕ್ಷಾ ಲ್ಯಾಬ್‌ಗೆ ವರದಿ ಮುದ್ರಿಸುವ ಪ್ರೋಗ್ರಾಂ ಬರೆದವಳು ನಾನೇ. ಪರದೆಯ ಮೇಲಿನ ಪಟ್ಟಿಯಲ್ಲಿ ರೋಗಿಯ ಹೆಸರನ್ನು ಕ್ಲಿಕ್ ಮಾಡಿದರೆ ವರದಿ ಬರುತ್ತಿತ್ತು. ವರದಿಗೆ ಹೆಸರು ಪಟ್ಟಿಯಿಂದ, ಅಂಕಿಗಳು ಒಳಗಿನ ದಾಖಲೆಯಿಂದ. ಎರಡನ್ನೂ ನಾನು ಜೋಡಿಸಿದ್ದು ಬರೀ ಸಾಲಿನ ಸಂಖ್ಯೆಯಿಂದ: ಮೂರನೆಯ ಹೆಸರಿಗೆ ಮೂರನೆಯ ದಾಖಲೆ.

ಮಳೆಗಾಲದ ಕೊನೆಗೆ ಡೆಂಗಿ ಹೆಚ್ಚಿತು, ಪಟ್ಟಿ ಉದ್ದವಾಯಿತು. ಒಂದು ಬೆಳಿಗ್ಗೆ ಲ್ಯಾಬ್ ಟೆಕ್ನೀಷಿಯನ್ ಮಹಾದೇವಿ, “ಅಕ್ಕಾರ, ಹೆಸರ ಹುಡುಕೂದ ಆಗವಲ್ದು. ಎ ಬಿ ಸಿ ಪ್ರಕಾರ ಹಚ್ಚಿಕೊಡ್ರಿ” ಎಂದರು. ಕಾಣುವ ಪಟ್ಟಿಯನ್ನಷ್ಟೇ ಅಕ್ಷರಕ್ರಮಕ್ಕೆ ತಂದೆ. ಒಳಗಿನ ದಾಖಲೆಗಳು ಇದ್ದಲ್ಲೇ ಉಳಿದವು. ಪರೀಕ್ಷೆಗೆ ಅನಿಲ, ಕಮಲಾ, ಮಹೇಶ ಎಂಬ ಮೂರು ಹೆಸರು ಹಾಕಿದೆ. ಅವು ಮೊದಲೇ ಕ್ರಮದಲ್ಲಿದ್ದವು. ಹಾಗಾಗಿ ಸಾಲು ಬದಲಾಗಲಿಲ್ಲ, ಎಲ್ಲ ಸರಿಯಾಗಿ ಬಂತು.

ಮರುದಿನ ಮಹಾದೇವಿ ಫೋನ್ ಮಾಡಿದರು. ಮುಧೋಳದ ಶಿಕ್ಷಕರೊಬ್ಬರ ವರದಿಯಲ್ಲಿ ಪ್ಲೇಟ್‌ಲೆಟ್ ಹದಿನೆಂಟು ಸಾವಿರವಿತ್ತು, ಜೀವಕ್ಕೇ ಅಪಾಯವಾಗುವಷ್ಟು ಕಡಿಮೆ. ಆದರೆ ಅವರು ಆರಾಮಾಗಿ ಓಡಾಡುತ್ತಿದ್ದರು. ಮತ್ತೆ ಪರೀಕ್ಷಿಸಿದಾಗ ಎರಡು ಲಕ್ಷದ ಮೇಲೆ.

“ಹಂಗಾರ ಆ ಹದಿನೆಂಟ ಸಾವಿರ ಯಾರದ್ರಿ?”

ಹೆಸರುಗಳ ಸಾಲು ಬದಲಾಗಿತ್ತು, ದಾಖಲೆಗಳದು ಬದಲಾಗಿರಲಿಲ್ಲ. ಹದಿನೆಂಟು ಸಾವಿರವಿದ್ದ ದಾಖಲೆ ತೆರೆದೆ: ಬೀರಪ್ಪ, ಗಲಗಲಿ, ವಯಸ್ಸು ಮೂವತ್ತೆಂಟು. ಕುರಿ ಸಾಕುವ ಮನೆತನದವರು. ಹಿಂದಿನ ದಿನ ಅವರ ಕೈಗೆ ಹೋದದ್ದು ಬೇರೆಯವರ ಅಂಕಿಗಳು. ಅದನ್ನು ನೋಡಿ ವೈದ್ಯರು ಮನೆಗೆ ಕಳಿಸಿದ್ದರು.

ದಾಖಲೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ಹೆಂಡತಿ ಕಲ್ಲವ್ವ. “ಜ್ವರಾ ಬಿಟ್ಟೈತ್ರಿ. ಆದ್ರ ಒಸಡಿನ್ಯಾಗ ರಕ್ತ ಬರಾಕತ್ತೈತಿ. ರಿಪೋರ್ಟ್ ಛಲೋ ಬಂದೈತಲ್ರಿ, ಅದಕ್ಕ ಸುಮ್ಮ ಕುಂತೇವಿ.”

“ಆ ರಿಪೋರ್ಟ್ ಅವರದಲ್ರಿ. ಈಗಿಂದೀಗ ಕರಕೊಂಡ ಬರ್ರಿ.”

ಜಮಖಂಡಿಗೆ ಬಂದವರನ್ನು ಬಾಗಲಕೋಟೆಗೆ ಕಳಿಸಿದರು. ಮೂರನೆಯ ದಿನ ಬೀರಪ್ಪ ತೀರಿಕೊಂಡರು.

ನಮ್ಮ ಸಂಸ್ಥೆಯ ಮಾಲೀಕರು, “ಟೆಕ್ನೀಷಿಯನ್ ತಪ್ಪು ಅಂತ ಬರದಕೊಡ್ರಿ” ಎಂದರು. ಅಷ್ಟು ಬರೆದಿದ್ದರೆ ನಾನು ಪಾರಾಗುತ್ತಿದ್ದೆ, ಮಹಾದೇವಿ ಆಗುತ್ತಿರಲಿಲ್ಲ. ತಪ್ಪು ಪ್ರೋಗ್ರಾಮಿನದು, ಅದನ್ನು ಬರೆದವಳು ನಾನು ಎಂದು ಬರೆದು ಸಹಿ ಹಾಕಿದೆ. ಕೆಲಸ ಹೋಯಿತು.

ಗಲಗಲಿಗೂ ಹೋಗಿ ಇದ್ದದ್ದನ್ನೆಲ್ಲ ಹೇಳಿದೆ. ಕಲ್ಲವ್ವ ಕೇಳಿದ್ದು ಒಂದೇ: “ಒಂದ ದಿನಾ ಮೊದಲ ಗೊತ್ತಾಗಿದ್ರ ಉಳೀತಿದ್ರೇನ್ರಿ?”

“ಉಳೀಬಹುದಿತ್ರಿ.”

ಅವರು ಎದ್ದು ಒಳಗೆ ಹೋದರು. ಬಹಳ ಹೊತ್ತು ಕಾದೆ. ಹೊರಗೆ ಬರಲಿಲ್ಲ.

ಈಗ ಬನಹಟ್ಟಿಯಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತೇನೆ. ಪಟ್ಟಿಯ ಪ್ರತಿ ಹೆಸರೂ ತನ್ನದೇ ದಾಖಲೆಯ ಸಂಖ್ಯೆಯನ್ನು ಜೊತೆಗಿಟ್ಟುಕೊಂಡಿರಬೇಕು, ಸಾಲನ್ನು ನಂಬಬಾರದು ಎಂದು ಮೊದಲ ವಾರವೇ ಹೇಳುತ್ತೇನೆ. “ಸಾಲ ಹಿಂದಮುಂದ ಆದ್ರ ಏನಾಗತೈತ್ರಿ ಮೇಡಂ?” ಎಂದು ಪ್ರತಿವರ್ಷ ಯಾರಾದರೂ ಕೇಳುತ್ತಾರೆ.

ಗಲಗಲಿಯಲ್ಲಿ ಬೀರಪ್ಪ ಎಂಬವರಿದ್ದರು ಎಂದು ಶುರುಮಾಡುತ್ತೇನೆ.